ಮುಟ್ಟದೆ ಕೊಂಡ ಸೀರೆ

ಆದೋನಿಯ ಮಾರುಕಟ್ಟೆ ಯಾರ್ಡಿನಲ್ಲಿ ಹತ್ತಿಯನ್ನು ಯಾರೂ ಬರೀ ನೋಡಿ ಕೊಳ್ಳುವುದಿಲ್ಲ. ಖರೀದಿದಾರ ರಾಶಿಯ ಹತ್ತಿರ ಬಂದು, ಮೇಲಿನದನ್ನು ಪಕ್ಕಕ್ಕೆ ಸರಿಸಿ, ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಬೀಜದಿಂದ ಒಂದಿಷ್ಟು ಎಳೆ ಬಿಡಿಸಿಕೊಂಡು ಎರಡೂ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎಳೆದು ನೋಡುತ್ತಾನೆ. ಎಳೆಯ ಉದ್ದ, ಅದರ ಗಟ್ಟಿತನ, ಒಳಗೆ ಉಳಿದ ತೇವ ಎಲ್ಲವೂ ಅವನ ಬೆರಳಿಗೇ ತಿಳಿಯುತ್ತದೆ. ಆಮೇಲೆ ದರದ ಮಾತು. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದಾದ ಈ ಊರಿಗೆ ಸುತ್ತಿನ ಜನ ‘ಎರಡನೇ ಮುಂಬೈ’ ಎಂದು ಹೆಸರಿಟ್ಟಿದ್ದಾರೆ. ಇಲ್ಲಿ ಬೆರಳಿನ ಮಾತೇ ಕಡೆಯ ಮಾತು.

ಅದೇ ಹತ್ತಿ ನೂಲಾಗಿ, ಮಗ್ಗ ಹತ್ತಿ, ಸೀರೆಯಾಗಿ ಬಂದಾಗ ನಡೆಯುವುದೇ ಬೇರೆ. ರಾತ್ರಿ ಪಾತ್ರೆ ತೊಳೆದಿಟ್ಟು ಸಿರುಗುಪ್ಪದ ಹೆಣ್ಣುಮಗಳೊಬ್ಬಳು ಫೋನ್ ತೆಗೆಯುತ್ತಾಳೆ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೋ ಬಂದಿದೆ. ಕೆಳಗೆ ‘ಪ್ಯೂರ್ ಕಾಟನ್, ರನ್ನಿಂಗ್ ಬ್ಲೌಸ್, ಸಿಂಗಲ್ ಪೀಸ್, ಶಿಪ್ಪಿಂಗ್ ಎಕ್ಸ್‌ಟ್ರಾ’. ನೋಡಿದ ಕೆಲವೇ ಸೆಕೆಂಡಿನಲ್ಲಿ ‘ಎಷ್ಟಕ್ಕಾ?’ ಎಂದು ಟೈಪ್ ಮಾಡುತ್ತಾಳೆ. ಅಷ್ಟರಲ್ಲಿ ಇನ್ನಾರೋ ‘ಬುಕ್ಡ್’ ಎಂದಾಗಿರುತ್ತದೆ. ಅಂಗಡಿಗೆ ಹೋದರೆ ಇಪ್ಪತ್ತು ಸೀರೆ ಬಿಚ್ಚಿಸಿ, ಸೆರಗು ಹಿಸುಕಿ, ಹೊರಗೆ ಬಿಸಿಲಿಗೆ ಒಯ್ದು ನೋಡಿ, ಕೊನೆಗೆ ‘ಇರಲಿ ಬಿಡಿ’ ಎಂದು ಎದ್ದು ಬರುವ ಹೆಣ್ಣುಮಗಳೇ ಇವಳು. ಅಂಗೈಯಗಲದ ಗಾಜಿನ ಮೇಲಿನ ಚಿತ್ರಕ್ಕೆ ಇಷ್ಟು ಬೇಗ ಹೇಗೆ ಒಪ್ಪಿದಳು?

ಅದೇ ಗ್ರೂಪಿಗೆ ಫೋಟೋ ಇಲ್ಲದೆ, ‘ಎಮ್ಮಿಗನೂರು ಕಾಟನ್, ಐದೂವರೆ ಮೀಟರ್, ಕೆಂಪು ಒಡಲು, ಹಳದಿ ಅಂಚು’ ಎಂದು ನಾಲ್ಕು ಸಾಲು ಬರೆದು ಹಾಕಿ ನೋಡಿ. ಯಾರೂ ಮಾತಾಡುವುದಿಲ್ಲ. ಎರಡು ನಿಮಿಷ ಬಿಟ್ಟು ಒಬ್ಬರು ಕೇಳುತ್ತಾರೆ: ‘ಫೋಟೋ ಹಾಕಿ ಅಕ್ಕ.’

ಅರವತ್ತು ಸಾವಿರ ಪಟ್ಟು ಎಂಬ ಕಥೆ

ಮಾರ್ಕೆಟಿಂಗ್ ತರಗತಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ಮೆದುಳು ಚಿತ್ರವನ್ನು ಅಕ್ಷರಕ್ಕಿಂತ 60,000 ಪಟ್ಟು ವೇಗವಾಗಿ ಗ್ರಹಿಸುತ್ತದಂತೆ. ಸ್ಲೈಡಿನಿಂದ ಸ್ಲೈಡಿಗೆ ಹಾರುತ್ತಾ ಈ ಅಂಕಿ ಜಗತ್ತು ಸುತ್ತಿದೆ. ಅದರ ಮೂಲ ಹುಡುಕಿ ಹೊರಟವರಿಗೆ ಯಾವ ಪ್ರಯೋಗವೂ ಸಿಕ್ಕಿಲ್ಲ. ಇಂಥ ಅಂಕಿಯನ್ನು ನಂಬದಿರುವುದೇ ಮೇಲು.

ನಂಬಬಹುದಾದ ಪ್ರಯೋಗಗಳೇ ಸಾಕಷ್ಟು ಬೆರಗು ಹುಟ್ಟಿಸುತ್ತವೆ. 1996ರಲ್ಲಿ ಫ್ರಾನ್ಸಿನ ಸೈಮನ್ ಥೋರ್ಪ್ ಮತ್ತು ಸಂಗಡಿಗರು ಜನರಿಗೆ ಫೋಟೋಗಳನ್ನು 20 ಮಿಲಿಸೆಕೆಂಡು ಮಾತ್ರ, ಅಂದರೆ ಸೆಕೆಂಡಿನ ಐವತ್ತನೇ ಒಂದು ಪಾಲು, ಮಿಂಚಿಸಿ ತೋರಿಸಿದರು. ಚಿತ್ರದಲ್ಲಿ ಪ್ರಾಣಿ ಇದೆಯೋ ಇಲ್ಲವೋ ಹೇಳಬೇಕು. ಹೆಚ್ಚುಕಡಿಮೆ ಎಲ್ಲ ಸಲವೂ ಉತ್ತರ ಸರಿಯಿತ್ತು. ತಲೆಗೆ ಅಂಟಿಸಿದ ತಂತಿಗಳು ಇನ್ನೊಂದು ಸಂಗತಿ ಹೇಳಿದವು: ಪ್ರಾಣಿ ಇರುವ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಮೆದುಳಿನ ವಿದ್ಯುತ್ ಸಂಕೇತ 150 ಮಿಲಿಸೆಕೆಂಡಿನಲ್ಲೇ ಬೇರೆಯಾಗಿತ್ತು. ಕಣ್ಣು ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು.

ಹೆಬ್ಬೆರಳು ಪರದೆಯ ಮೇಲೆ ಜಾರುತ್ತಿರುವಾಗ ಸೀರೆ ಎಂಬ ಗುರುತು ಹೀಗೆ ಹತ್ತಿಬಿಡುತ್ತದೆ. ಓದಬೇಕಾದ್ದನ್ನು ಸಾಲು ಹಿಡಿದು, ಪದ ಬಿಡಿಸಿ, ಕೂಡಿಸಿಕೊಳ್ಳಬೇಕು. ಆದೋನಿಯಂಥ ಊರಿನಲ್ಲಿ ಇನ್ನೊಂದು ತೊಡಕೂ ಉಂಟು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿ ಬಂದರೂ ಸಂತೆ, ಸಂಬಂಧ, ಸಾಲ ಯಾವುದೂ ನಿಲ್ಲಲಿಲ್ಲ. ಇವತ್ತು ಅಲ್ಲಿನ ಒಂದು ಬಟ್ಟೆ ಅಂಗಡಿಯ ಗಿರಾಕಿಗಳಲ್ಲಿ ತೆಲುಗು ಓದುವವರು, ಕನ್ನಡ ಓದುವವರು, ಉರ್ದು ಓದುವವರು, ಏನೂ ಓದದವರು ಎಲ್ಲರೂ ಇದ್ದಾರೆ. ಒಂದೇ ಫೋಟೋ ಎಲ್ಲರಿಗೂ ಸಾಕು.

ಆದರೆ ವೇಗದಿಂದ ಗುರುತು ಸಿಗುತ್ತದೆ, ಅಷ್ಟೇ. ಸೀರೆ ಎಂದು ಗುರುತಿಸುವುದು ಬೇರೆ, ‘ನನಗೆ ಬೇಕು’ ಎನ್ನುವುದು ಬೇರೆ. ಎರಡರ ನಡುವೆ ಮೆದುಳಿನಲ್ಲಿ ಏನೋ ನಡೆಯುತ್ತದೆ.

ಒಂದು ಸೆಂಟಿಮೀಟರಿನ ನೋಟ

ಕಣ್ಣು ಕ್ಯಾಮೆರಾದ ಹಾಗೆ ಎಲ್ಲವನ್ನೂ ಒಟ್ಟಿಗೆ ಸೆರೆಹಿಡಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಸತ್ಯ. ಅಕ್ಷಿಪಟಲದ ನಟ್ಟನಡುವೆ ಒಂದು ಚಿಕ್ಕ ಗುಳಿ ಇದೆ. ಅದನ್ನು ನಾವು ‘ಚುರುಕುಚುಕ್ಕಿ’ ಎನ್ನೋಣ. ಸ್ಪಷ್ಟವಾಗಿ ಕಾಣುವುದು ಅದರ ಎದುರಿಗೆ ಬಂದದ್ದು ಮಾತ್ರ. ಅದರ ಹರಹು ಸುಮಾರು ಎರಡು ಡಿಗ್ರಿ. ಕೈ ಚಾಚಿ ಹಿಡಿದರೆ ಹೆಬ್ಬೆರಳ ಉಗುರಿನಷ್ಟಗಲ. ಫೋನನ್ನು ಒಂದು ಅಡಿ ದೂರದಲ್ಲಿ ಹಿಡಿದು ನೋಡುವಾಗ ಪರದೆಯ ಮೇಲೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅದರಾಚೆಗೆಲ್ಲ ಮಸುಕು, ಬಣ್ಣವೂ ಪೇಲವ.

ಹಾಗಾಗಿ ಕಣ್ಣು ಸೆಕೆಂಡಿಗೆ ಮೂರು ಸಲದಷ್ಟು ಜಿಗಿಯುತ್ತಿರುತ್ತದೆ. ಸೀರೆಯ ಫೋಟೋದಲ್ಲಿ ಅಂಚಿನ ಮೇಲೊಂದು, ಸೆರಗಿನ ಮೇಲೊಂದು, ಒಡಲಿನ ಬುಟ್ಟಾದ ಮೇಲೊಂದು ಜಿಗಿತ. ಸೆಂಟಿಮೀಟರಗಲದ ಮೂರು ತುಂಡು ನೋಡಿ ಪೂರ್ತಿ ಸೀರೆ ನೋಡಿದೆ ಅನ್ನಿಸುತ್ತದೆ. ಉಳಿದದ್ದು ಎಲ್ಲಿಂದ ಬಂತು? ಮೆದುಳು ತುಂಬಿಕೊಂಡಿತು. ಅಂಚು ಇಲ್ಲಿ ಹೀಗಿದ್ದರೆ ಅಲ್ಲೂ ಹೀಗೇ ಇರುತ್ತದೆ, ಮೈ ಇಲ್ಲಿ ಕೆಂಪಾದರೆ ಅಲ್ಲೂ ಕೆಂಪೇ ಎಂಬ ಊಹೆ. ಬಹಳ ಸಲ ಅದು ಸರಿಯೇ ಇರುತ್ತದೆ.

ಬೆಳಗಿನ ಹೊತ್ತು ಆದೋನಿಯ ಬೀದಿಯಲ್ಲಿ ನಡೆದು ಹೋಗುವಾಗ ಮಂಡಕ್ಕಿ ಒಗ್ಗರಣೆಯ ಗಾಡಿಯಿಂದ ಒಂದು ಎಳೆ ವಾಸನೆ ಬರುತ್ತದೆ. ಗಾಡಿ ಇನ್ನೂ ಕಂಡಿಲ್ಲ. ಆದರೂ ಹಳದಿ ಮಂಡಕ್ಕಿ, ಮೇಲೆ ಉದುರಿಸಿದ ಪುಟಾಣಿ ಪುಡಿ, ಪಕ್ಕದ ಬಿಸಿ ಮಿರ್ಚಿ, ಅದರ ಖಾರ ಎಲ್ಲ ಬಾಯಿಗೆ ಬಂದು ನಿಲ್ಲುತ್ತದೆ. ಮೂಗಿಗೆ ಸಿಕ್ಕಿದ್ದು ಸಾಸಿವೆ, ಹಸಿಮೆಣಸಿನ ಒಂದು ಸುಳಿವು. ತಟ್ಟೆ ತುಂಬಿಸಿದ್ದು ಹಿಂದೆ ತಿಂದ ನೂರಾರು ತಟ್ಟೆಗಳ ನೆನಪು. ಫೋಟೋ ಮಾಡುವ ಕೆಲಸವೂ ಇದೇ. ಅದು ಸುಳಿವು ಕೊಡುತ್ತದೆ, ಸರಕನ್ನು ಪೂರ್ತಿ ಮಾಡುವುದು ನೋಡುವವರ ನೆನಪು.

ಈ ಅಧ್ಯಾಯದಲ್ಲಿ ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಇದನ್ನು ‘ತುಂಬುನೋಟ’ ಎಂದು ಕರೆಯುತ್ತೇನೆ. ಅದರ ಮಹಿಮೆ ಎಲ್ಲಿದೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದೇ ಮುಂದಿನ ವಿಚಾರ.

ನಡುವೆ ಮುಖದ ಬಗ್ಗೆ ಒಂದು ಮಾತು. ಹುಟ್ಟಿ ಒಂದು ಗಂಟೆಯೂ ಆಗದ ಶಿಶುಗಳು ಮುಖದಂತೆ ಬರೆದ ಚಿತ್ರವನ್ನು ಸರಿಸಿದರೆ ಹೆಚ್ಚು ದೂರದವರೆಗೆ ಕಣ್ಣು, ತಲೆ ತಿರುಗಿಸಿ ಹಿಂಬಾಲಿಸುತ್ತವೆ ಎಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ದೊಡ್ಡವರಾದರೂ ಆ ಚಾಳಿ ಹೋಗುವುದಿಲ್ಲ. 2014ರಲ್ಲಿ ಅಮೆರಿಕದ ಸಂಶೋಧಕರು ಇನ್‌ಸ್ಟಾಗ್ರಾಂನ 11 ಲಕ್ಷ ಫೋಟೋಗಳನ್ನು ಜಾಲಾಡಿದಾಗ, ಮುಖ ಇರುವ ಫೋಟೋಗಳಿಗೆ ಲೈಕ್ ಸಿಗುವ ಸಾಧ್ಯತೆ ಶೇ. 38ರಷ್ಟು, ಕಾಮೆಂಟ್ ಬರುವ ಸಾಧ್ಯತೆ ಶೇ. 32ರಷ್ಟು ಹೆಚ್ಚಿತ್ತು. ಇದನ್ನು ಕೇಳಿ ಎಲ್ಲ ಜಾಹೀರಾತಿಗೂ ಮುಖ ಅಂಟಿಸುವವರಿದ್ದಾರೆ. ಮನೆಯಿಂದಲೇ ಸೀರೆ ಮಾರುವ ಹೆಣ್ಣುಮಕ್ಕಳು ಮಾತ್ರ ಬಹಳ ಸಲ ತದ್ವಿರುದ್ಧ ಮಾಡುತ್ತಾರೆ: ಕತ್ತಿನಿಂದ ಕೆಳಗಷ್ಟೇ ಫೋಟೋ. ಅವರದು ಸಂಕೋಚ ಇದ್ದೀತು. ಫಲ ಮಾತ್ರ ಚೆನ್ನಾಗಿದೆ. ಮುಖ ಇದ್ದಿದ್ದರೆ ಆ ಒಂದು ಸೆಂಟಿಮೀಟರ್ ಮೊದಲು ಅಲ್ಲಿಗೇ ಹೋಗುತ್ತಿತ್ತು. ಈಗ ನೇರ ಅಂಚಿಗೆ ಬರುತ್ತದೆ. ಲೈಕ್ ಬೇಕಾದವರಿಗೆ ಮುಖ, ಸೀರೆ ಮಾರಬೇಕಾದವರಿಗೆ ಸೀರೆ ಎಂಬುದು ನನ್ನ ಲೆಕ್ಕ.

ಬೆಂಗಳೂರಿನಲ್ಲಿ ಹುಟ್ಟಿದವರ ಅಲೆಲೆಕ್ಕ

ಕಣ್ಣು ಸೀರೆಯ ತುಣುಕನ್ನಷ್ಟೇ ತೆಗೆದುಕೊಳ್ಳುತ್ತದೆ, ಸರಿ. ಫೋನಾದರೂ ಪೂರ್ತಿ ಸೀರೆ ಕಳಿಸುತ್ತದೆಯೇ? ಅದೂ ಇಲ್ಲ. ಇಲ್ಲಿ ಒಬ್ಬ ಬೆಂಗಳೂರಿಗರನ್ನು ನೆನೆಯಬೇಕು.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಈಗ ಯುವಿಸಿಇ ಎಂದು ಕರೆಯುವ ಕೆ. ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಚಿತ್ರಗಳನ್ನು ಚಿಕ್ಕದಾಗಿಸುವ ಹೊಸ ಗಣಿತವೊಂದರ ಅಧ್ಯಯನಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಕೇಳಿದರು. ವಿಚಾರ ತೀರಾ ಸರಳವಾಯಿತು ಎಂಬ ಕಾರಣ ಹೇಳಿ ಅರ್ಜಿ ವಾಪಸಾಯಿತು. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬುದು ಅದರ ಹೆಸರು. ನಮ್ಮ ಅನುಕೂಲಕ್ಕೆ ‘ಅಲೆಲೆಕ್ಕ’ ಎನ್ನೋಣ. 1992ರಲ್ಲಿ ರೂಪುಗೊಂಡ ಜೆಪೆಗ್ ಎಂಬ ಚಿತ್ರಮಾದರಿಯ ಹೃದಯ ಇದೇ. ವಾಟ್ಸಾಪಿನಲ್ಲಿ ಓಡಾಡುವ ಸೀರೆಯ ಫೋಟೋಗಳಲ್ಲಿ ಬಹುಪಾಲು ಈ ಲೆಕ್ಕದ ಮೂಲಕವೇ ಹಾದು ಬಂದವು.

ಅದು ಕೆಲಸ ಮಾಡುವುದು ಹೀಗೆ. ಫೋಟೋವನ್ನು ಎಂಟಕ್ಕೆ ಎಂಟು, ಒಟ್ಟು 64 ಚುಕ್ಕಿಗಳ ಚೌಕಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ಚೌಕದಲ್ಲಿ ನಿಧಾನ ಬದಲಾಗುವ ಬೆಳಕೆಷ್ಟು, ಬೇಗ ಬೇಗ ಬದಲಾಗುವ ಸೂಕ್ಷ್ಮ ಗೆರೆಗಳೆಷ್ಟು ಎಂದು ಅಲೆಲೆಕ್ಕ ವಿಂಗಡಿಸುತ್ತದೆ. ಸೂಕ್ಷ್ಮ ಗೆರೆಗಳನ್ನು ಸ್ವಲ್ಪ ಕೈಬಿಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲವಾದ್ದರಿಂದ ಮೊದಲು ಅವು ಹೋಗುತ್ತವೆ. ಇದಕ್ಕೂ ಮುಂಚೆ ಬಣ್ಣದ ವಿವರಕ್ಕೂ ಕತ್ತರಿ ಬಿದ್ದಿರುತ್ತದೆ. ಬೆಳಕು-ನೆರಳಿನ ವ್ಯತ್ಯಾಸ ಹಿಡಿಯುವಷ್ಟು ಸೂಕ್ಷ್ಮವಾಗಿ ನಮ್ಮ ಕಣ್ಣು ಬಣ್ಣದ ವ್ಯತ್ಯಾಸ ಹಿಡಿಯುವುದಿಲ್ಲ. ಹಾಗಾಗಿ ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣದ ಅಳತೆ ಇಟ್ಟುಕೊಳ್ಳುವುದು ಸಾಮಾನ್ಯ ರೂಢಿ.

ಬಿಟ್ಟದ್ದನ್ನು ತುಂಬಿಕೊಳ್ಳಲು ನೋಡುವವರ ಮೆದುಳಿದೆ ಎಂಬ ಭರವಸೆಯ ಮೇಲೇ ಇಡೀ ವ್ಯವಸ್ಥೆ ನಿಂತಿದೆ. ಆದರೆ ಕೈಮಗ್ಗದ ಸೀರೆಯ ಬೆಲೆ ಇರುವುದೇ ಆ ಬಿಟ್ಟುಹೋದ ಸೂಕ್ಷ್ಮ ಗೆರೆಗಳಲ್ಲಿ! ಎಮ್ಮಿಗನೂರಿನಲ್ಲಿ ಪದ್ಮಶ್ರೀ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಕಾಲದಿಂದ ಆ ಊರಿನ ಬಟ್ಟೆ ಹೆಸರು ಮಾಡಿದ್ದು ಕೈಯಲ್ಲಿ ಹಿಡಿದಾಗ ತಿಳಿಯುವ ಗುಣದಿಂದ: ಹಾಸು-ಹೊಕ್ಕಿನ ಬಿಗಿ, ಕೈಯೇಟಿನ ಸಣ್ಣ ಏರುಪೇರು. ವಾಟ್ಸಾಪ್ ಹೀಗೆ ಕುಗ್ಗಿಸಿ ಕಳಿಸಿದ ಫೋಟೋದಲ್ಲಿ ಕೈಮಗ್ಗದ ಸೀರೆಗೂ ಪವರ್‌ಲೂಮ್ ನಕಲಿಗೂ ವ್ಯತ್ಯಾಸ ಹೆಚ್ಚೇನೂ ಉಳಿದಿರುವುದಿಲ್ಲ. ಚಿತ್ರದ ಮಾರುಕಟ್ಟೆಯಲ್ಲಿ ನೇಕಾರ ಸೋಲುವುದಕ್ಕೆ ಇದೂ ಒಂದು ಕಾರಣ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಣ್ಣಿನೊಳಗಿನ ಕೈ

ಹಾಗಾದರೆ ಮುಟ್ಟುವ ಆಸೆ ಏನಾಯಿತು? ಅದನ್ನೂ ಮೆದುಳು ತುಂಬಿಕೊಳ್ಳುತ್ತದೆ.

2012ರಲ್ಲಿ ರಯಾನ್ ಎಲ್ಡರ್ ಮತ್ತು ಆರಾಧನಾ ಕೃಷ್ಣ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜಾಹೀರಾತಿನಲ್ಲಿ ಒಂದು ಕಾಫಿ ಮಗ್. ಕೆಲವರಿಗೆ ಹಿಡಿ ಬಲಕ್ಕಿರುವ ಚಿತ್ರ, ಕೆಲವರಿಗೆ ಎಡಕ್ಕಿರುವ ಚಿತ್ರ. ಬೇರೇನೂ ಬದಲಾವಣೆ ಇಲ್ಲ. ಬಲಗೈ ಬಳಸುವವರು ಹಿಡಿ ಬಲಕ್ಕಿದ್ದಾಗ ಕೊಳ್ಳಲು ಹೆಚ್ಚು ಒಲವು ತೋರಿದರು. ಹಿಡಿ ಆ ಕಡೆ ಇದ್ದರೆ ಕೈ ಮನಸ್ಸಿನಲ್ಲೇ ಹೋಗಿ ಅದನ್ನು ಹಿಡಿಯುತ್ತದೆ ಎಂಬುದು ಅವರ ವಿವರಣೆ. ಇದೇ ಅಧ್ಯಯನದ ಇನ್ನೊಂದು ಹಂತದಲ್ಲಿ ಜನರ ಬಲಗೈಗೆ ಏನನ್ನೋ ಹಿಡಿಯಲು ಕೊಟ್ಟಾಗ ಆ ಅನುಕೂಲ ಹೋಯಿತು. ನಿಜವಾದ ಕೈ ಕೆಲಸದಲ್ಲಿದ್ದರೆ ಮನಸ್ಸಿನ ಕೈಗೂ ಬಿಡುವಿಲ್ಲ.

ಜೋನ್ ಪೆಕ್ ಎಂಬ ಸಂಶೋಧಕಿ ಮುಟ್ಟುವಿಕೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಒಂದು ವಸ್ತುವನ್ನು ಮುಟ್ಟಿದ ಮಾತ್ರಕ್ಕೆ, ಮುಟ್ಟಿದಂತೆ ಕಲ್ಪಿಸಿಕೊಂಡರೂ, ಅದು ‘ನನ್ನದು’ ಎಂಬ ಭಾವನೆ ಬೆಳೆಯುತ್ತದೆ ಎಂದು 2009ರಲ್ಲಿ ತೋರಿಸಿದರು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅವರ ತಂಡ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ನೋಡಿತು. ಬೇರೆಯವರ ಕೈ ವಸ್ತುವನ್ನು ಮುಟ್ಟುತ್ತಿರುವ ಚಿತ್ರಗಳಿಗೆ ಜನ ಹೆಚ್ಚು ಸ್ಪಂದಿಸುತ್ತಿದ್ದರು.

ಬಟ್ಟೆ ಮಾರುವವರ ವಿಡಿಯೋಗಳನ್ನು ಈಗ ಗಮನಿಸಿ. ಮಾರುವವಳು ಸೆರಗನ್ನು ಮುಂಗೈ ಮೇಲೆ ಹಾಸಿಕೊಂಡು, ಇನ್ನೊಂದು ಕೈಯ ಅಂಗೈಯಿಂದ ಮೇಲಿನಿಂದ ಕೆಳಗೆ ಸವರುತ್ತಾಳೆ. ಅಂಚನ್ನು ಬೆರಳುಗಳ ನಡುವೆ ಉಜ್ಜುತ್ತಾಳೆ. ಒಂದು ಮೂಲೆ ಮುಷ್ಟಿಯಲ್ಲಿ ಹಿಸುಕಿ ಬಿಟ್ಟು, ಮಡಿಕೆ ಎಷ್ಟು ಬೇಗ ಬಿಡುತ್ತದೆ ತೋರಿಸುತ್ತಾಳೆ. ‘ಸಾಫ್ಟ್ ಇದೆ ನೋಡ್ರಿ’ ಎನ್ನುತ್ತಾಳೆ. ಅವಳಿಗೆ ಯಾರೂ ಈ ಸಂಶೋಧನೆ ಹೇಳಿಕೊಟ್ಟಿಲ್ಲ. ನೋಡುತ್ತಿರುವವಳಿಗೆ ಆಗ ನೆನಪಾಗುವುದು ಎಂದೋ ತಾನೇ ಉಟ್ಟ, ಇಲ್ಲವೇ ತಾಯಿ ಉಡುತ್ತಿದ್ದ, ನಾಲ್ಕು ಒಗೆತ ಕಂಡು ಮೆದುವಾದ ಕಾಟನ್ ಸೀರೆ. ಫೋನಿನ ಸೀರೆಗೆ ಆ ಸೀರೆಯ ಮೆದು ಬಂದು ಕೂರುತ್ತದೆ. ಕೊರಿಯರ್‌ನಲ್ಲಿ ಬಂದದ್ದು ಗಂಜಿ ಹಾಕಿದ ಗಡಸು ಬಟ್ಟೆಯಾಗಿದ್ದರೆ ‘ಮೋಸ ಮಾಡಿದರು’ ಅನ್ನಿಸುತ್ತದೆ. ಮಾರಿದವಳು ಸುಳ್ಳು ಹೇಳದೆಯೂ ಇರಬಹುದು.

ನವಿಲು ಬಣ್ಣದ ಜಗಳ

ಸೀರೆ ಗ್ರೂಪುಗಳಲ್ಲಿ ನಡೆಯುವ ಜಗಳಗಳಲ್ಲಿ ದೊಡ್ಡ ಪಾಲು ಬಣ್ಣದ್ದು. ‘ಕಲರ್ ಸ್ವಲ್ಪ ಡಿಫರೆನ್ಸ್ ಬರಬಹುದು’ ಎಂಬ ಸಾಲು ಈಗ ಪ್ರತಿ ಫೋಟೋದ ಕೆಳಗೂ ಇರುತ್ತದೆ. ಇದನ್ನು ವ್ಯಾಪಾರಿಯ ಜಾಣತನ ಎಂದು ನಗುವವರಿದ್ದಾರೆ. ಆದರೆ ಸಾಲು ನಿಜ, ಅದರ ಹಿಂದೆ ಮೂರು ಕೊಂಡಿಗಳ ಸರಪಳಿ ಇದೆ.

ಮೊದಲನೆಯದು ಕ್ಯಾಮೆರಾದ ಊಹೆ. ಅಂಗಡಿಯ ಎಲ್‌ಇಡಿ ಬೆಳಕು ನೀಲಿಗೆ ವಾಲಿರುತ್ತದೆ, ಹಳೆಯ ಬಲ್ಬಿನ ಬೆಳಕು ಹಳದಿಗೆ. ಇಲ್ಲಿ ಬಿಳಿ ಯಾವುದು ಎಂದು ಫೋನ್ ಲೆಕ್ಕ ಹಾಕಿ ಉಳಿದ ಬಣ್ಣಗಳನ್ನೆಲ್ಲ ಅದಕ್ಕೆ ತಕ್ಕಂತೆ ಸರಿಸುತ್ತದೆ. ಇದಕ್ಕೆ ‘ಬಿಳಿ ಹದ’ ಎನ್ನಬಹುದು. ಫ್ರೇಮಿನ ತುಂಬ ಒಂದೇ ಬಣ್ಣದ ಸೀರೆ ಇದ್ದರೆ ಲೆಕ್ಕ ತಪ್ಪುತ್ತದೆ. ಅಚ್ಚ ಕುಂಕುಮ ಕೆಂಪಿನ ಸೀರೆಯಿಂದ ಕೆಂಪನ್ನೇ ಸ್ವಲ್ಪ ಕಳೆದುಬಿಡುತ್ತದೆ.

ಎರಡನೆಯದು ಪರದೆಯ ಮಿತಿ. ಫೋನಿನ ಪರದೆಯಲ್ಲಿ ಇರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ದೀಪಗಳು. ಬಹಳಷ್ಟು ಬಣ್ಣಗಳನ್ನು ಈ ಮೂರರ ಮಿಶ್ರಣದಿಂದ ತರಬಹುದು, ಎಲ್ಲವನ್ನೂ ಅಲ್ಲ. ಗಾಢವಾದ ನೀಲಿ-ಹಸಿರು, ಅಂದರೆ ಅಂಗಡಿಯವರು ಪೀಕಾಕ್, ರಾಮಾ ಗ್ರೀನ್ ಎನ್ನುವ ಆ ವರ್ಗ, ಇದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಪರದೆಯ ಹಸಿರು ದೀಪ ಹಸಿರಿನ ಜೊತೆಗೆ ಕಣ್ಣಿನ ಕೆಂಪು ಗ್ರಾಹಕಗಳನ್ನೂ ಸ್ವಲ್ಪ ಕೆರಳಿಸುತ್ತದೆ, ಹಾಗಾಗಿ ಬಣ್ಣ ಪೇಲವವಾಗುತ್ತದೆ. ಅದರ ಮೇಲೆ ಸೀರೆ ಡಬಲ್ ಶೇಡ್ ಆದರೆ ಮುಗಿಯಿತು: ಹಾಸು ನೀಲಿ, ಹೊಕ್ಕು ಹಸಿರು. ತಿರುಗಿಸಿದಂತೆ ಬಣ್ಣ ಬದಲಾಗುವುದೇ ಅದರ ಸೊಗಸು. ಫೋಟೋ ಒಂದು ಕೋನವನ್ನು ಹಿಡಿದು ಉಳಿದದ್ದನ್ನು ಬಿಟ್ಟಿರುತ್ತದೆ. ಇನ್ನು ರಾತ್ರಿ ಹೊತ್ತು ಕಣ್ಣಿಗೆ ತಂಪಿರಲಿ ಎಂದು ಫೋನನ್ನು ನೈಟ್ ಮೋಡ್‌ಗೆ ಹಾಕಿಕೊಂಡಿದ್ದರೆ ಇಡೀ ಪರದೆಯೇ ಹಳದಿಗೆ ತಿರುಗಿರುತ್ತದೆ. ಹತ್ತು ಗಂಟೆಗೆ ಆರ್ಡರ್ ಮಾಡಿದ ಕೆನೆಬಣ್ಣದ ಸೀರೆ ಬೆಳಿಗ್ಗೆ ನೋಡಿದರೆ ಅಚ್ಚ ಬಿಳಿ!

ಮೂರನೆಯದು ನಮ್ಮದೇ ಊಹೆ. ಇದಕ್ಕೆ 2015ರ ಫೆಬ್ರುವರಿಯಲ್ಲಿ ಜಗತ್ತೇ ಸಾಕ್ಷಿಯಾಯಿತು. ಸ್ಕಾಟ್ಲೆಂಡಿನ ಮದುವೆಯೊಂದಕ್ಕೆ ಕೊಂಡ ಉಡುಪಿನ ಫೋಟೋ ಸಾಮಾಜಿಕ ಜಾಲತಾಣಗಳಿಗೆ ಬಂತು. ಕೆಲವರಿಗೆ ಅದು ಬಿಳಿ-ಚಿನ್ನದ ಬಣ್ಣ, ಕೆಲವರಿಗೆ ನೀಲಿ-ಕಪ್ಪು. ಒಂದೇ ಫೋನನ್ನು ಒಟ್ಟಿಗೆ ನೋಡಿದ ಗಂಡ ಹೆಂಡಿರೂ ಒಪ್ಪಲಿಲ್ಲ. ಉಡುಪು ನಿಜಕ್ಕೂ ನೀಲಿ-ಕಪ್ಪು. ನಡೆದದ್ದೇನೆಂದರೆ, ಮೆದುಳು ವಸ್ತುವಿನ ಬಣ್ಣ ತಿಳಿಯಲು ಅದರ ಮೇಲೆ ಬಿದ್ದ ಬೆಳಕಿನ ಬಣ್ಣವನ್ನು ಕಳೆಯುತ್ತದೆ. ಆ ಫೋಟೋದಲ್ಲಿ ಬೆಳಕು ಯಾವುದೆಂಬ ಸುಳಿವೇ ಇರಲಿಲ್ಲ. ನೆರಳಿನ ನೀಲಿ ಬೆಳಕು ಎಂದು ಊಹಿಸಿದವರು ನೀಲಿಯನ್ನು ಕಳೆದು ಬಿಳಿ ಕಂಡರು. ಬಲ್ಬಿನ ಹಳದಿ ಬೆಳಕು ಎಂದುಕೊಂಡವರು ಹಳದಿಯನ್ನು ಕಳೆದು ನೀಲಿ ಕಂಡರು. 2017ರಲ್ಲಿ ನ್ಯೂಯಾರ್ಕಿನ ಪಾಸ್ಕಲ್ ವಾಲಿಶ್ ಸುಮಾರು 13,000 ಮಂದಿಯನ್ನು ವಿಚಾರಿಸಿದಾಗ, ಬೆಳಿಗ್ಗೆ ಬೇಗ ಏಳುವವರು ಬಿಳಿ-ಚಿನ್ನ ಕಾಣುವ ಸಾಧ್ಯತೆ ತುಸು ಹೆಚ್ಚಿತ್ತು. ಹಗಲಿನ ಬೆಳಕಿಗೆ ಒಗ್ಗಿದವರು ಹಗಲನ್ನೇ ಊಹಿಸುತ್ತಾರೆ.

ಗಮನಿಸಬೇಕಾದ ಸಂಗತಿ ಏನೆಂದರೆ, ಅಂದು ಯಾರಿಗೂ ‘ನಾನು ಊಹಿಸುತ್ತಿದ್ದೇನೆ’ ಅನ್ನಿಸಲಿಲ್ಲ. ಕಣ್ಣಾರೆ ಕಂಡೆ ಎಂದೇ ವಾದಿಸಿದರು. ನಾವೇ ತುಂಬಿಕೊಂಡದ್ದರ ಮೇಲೆ ನಮಗೆ ಅನುಮಾನ ಬರುವುದಿಲ್ಲ. ಚಿತ್ರದ ಶಕ್ತಿ ಇರುವುದು ಇಲ್ಲಿ. ಮಾತಿನಲ್ಲಿ ಹೇಳಿದರೆ ‘ವ್ಯಾಪಾರಿ ಹೇಳುತ್ತಿದ್ದಾನೆ’ ಎಂಬ ಎಚ್ಚರ ಇರುತ್ತದೆ. ಚಿತ್ರದಲ್ಲಿ ತೋರಿಸಿದರೆ ಅರ್ಧ ಕೆಲಸ ನಮ್ಮದಾದ್ದರಿಂದ ಆ ಎಚ್ಚರ ತಪ್ಪುತ್ತದೆ.

ಗುರುವಾರದ ಚಿತ್ರ

ಗುರುವಾರ ಬೆಳಿಗ್ಗೆ ಈ ಭಾಗದ ಗ್ರೂಪುಗಳಲ್ಲಿ ಸರಕಿಗಿಂತ ಮೊದಲು ಬರುವುದು ರಾಯರ ಚಿತ್ರ. ರಾಘವೇಂದ್ರ ಸ್ವಾಮಿಗಳು ಮಂತ್ರಾಲಯದಲ್ಲಿ ಬೃಂದಾವನಸ್ಥರಾದದ್ದು 1671ರಲ್ಲಿ, ಕ್ಯಾಮೆರಾ ಹುಟ್ಟುವುದಕ್ಕೆ ಒಂದೂವರೆ ಶತಮಾನಕ್ಕೂ ಮುಂಚೆ. ಆದರೂ ಕಾವಿ, ನಾಮ, ಶಾಂತ ಮುಖದ ಆ ಕ್ಯಾಲೆಂಡರ್ ಚಿತ್ರವನ್ನು ಲಾರಿಯ ಗಾಜಿನ ಮೇಲೆ ಅರೆಕ್ಷಣ ಕಂಡರೂ ಗುರುತು ಹಿಡಿಯುತ್ತೇವೆ. 1966ರ ‘ಮಂತ್ರಾಲಯ ಮಹಾತ್ಮೆ’ ಸಿನಿಮಾ ಕಂಡ ತಲೆಮಾರಿಗೆ ಅದರೊಳಗೆ ರಾಜಕುಮಾರ್ ಅವರ ಮುಖವೂ ಸೇರಿಹೋಗಿದೆ.

ಕಂಡ ಚಿತ್ರ ನೆನಪಿನಲ್ಲಿ ಎಷ್ಟು ಗಟ್ಟಿ ಎಂಬುದನ್ನು 1973ರಲ್ಲಿ ಕೆನಡಾದ ಲಯನೆಲ್ ಸ್ಟ್ಯಾಂಡಿಂಗ್ ಅಳೆದಿದ್ದಾರೆ. 10,000 ಚಿತ್ರ ತೋರಿಸಿ, ಆಮೇಲೆ ಹಳೆಯದೊಂದು ಹೊಸದೊಂದು ಜೋಡಿಯಾಗಿಟ್ಟು ಯಾವುದನ್ನು ಕಂಡಿದ್ದಿರಿ ಎಂದು ಕೇಳಿದರೆ ನೂರಕ್ಕೆ ಸುಮಾರು 83 ಉತ್ತರ ಸರಿ. ಸುಮ್ಮನೆ ಊಹಿಸಿದ್ದರೆ 50 ಸರಿಯಾಗುತ್ತಿತ್ತು. ಮತ್ತೆ ಮತ್ತೆ ಕಂಡದ್ದರ ಮೇಲೆ ಒಲವೂ ಬೆಳೆಯುತ್ತದೆ ಎಂದು ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು. ಪ್ರತಿ ಗುರುವಾರ ರಾಯರ ಚಿತ್ರದ ಬೆನ್ನಿಗೇ ಬರುವ ಅಂಗಡಿಯ ಹೆಸರೂ ಹೀಗೆ ಪರಿಚಿತವಾಗುತ್ತದೆ. ಭಕ್ತಿ ಅಸಲಿಯೇ ಇರಬಹುದು, ಲಾಭವೂ ಅಸಲಿಯೇ.

ಜೊನ್ನಗಿರಿಯ ಕಲ್ಲು

ಆದೋನಿಯಿಂದ ಪತ್ತಿಕೊಂಡ ದಾಟಿ ಹೋದರೆ ತುಗ್ಗಲಿ, ಜೊನ್ನಗಿರಿಯ ಕಡೆಯ ಹೊಲಗಳು ಸಿಗುತ್ತವೆ. ಮುಂಗಾರಿನ ಮೊದಲ ಮಳೆ ಮಣ್ಣು ತೊಳೆದಾಗ ಇಲ್ಲಿ ಆಗೊಮ್ಮೆ ಈಗೊಮ್ಮೆ ವಜ್ರದ ಕಲ್ಲು ಮೇಲೆ ಬರುತ್ತದೆ. ಯಾರದೋ ಅಂಗೈ ಮೇಲೆ ಹೊಳೆಯುವ ಕಲ್ಲು, ಕೆಳಗೆ ಇಷ್ಟು ಲಕ್ಷಕ್ಕೆ ಹೋಯಿತಂತೆ ಎಂಬ ಸಾಲು. ಫೋಟೋ ಫೋನಿನಿಂದ ಫೋನಿಗೆ ಓಡುತ್ತದೆ. ಮರುದಿನದಿಂದ ಬೇರೆ ಜಿಲ್ಲೆಗಳ ಜನ ಬುತ್ತಿ ಕಟ್ಟಿಕೊಂಡು ಬಂದು, ಬಗ್ಗಿಕೊಂಡು ಹೊಲ ಹೊಲ ಅಲೆಯುತ್ತಾರೆ. ಯಾವ ಕಂಪನಿಯೂ ದುಡ್ಡು ಸುರಿಯದೆ ನಡೆಯುವ ಪ್ರಚಾರ ಇದು.

ಆ ಫೋಟೋ ಸುಳ್ಳಾಗಿರಬೇಕಿಲ್ಲ. ಅದರಲ್ಲಿ ಕಾಣದೆ ಉಳಿದದ್ದು ಖಾಲಿ ಕೈಗಳು. ಖಾಲಿ ಕೈಯ ಫೋಟೋ ಯಾರೂ ತೆಗೆಯುವುದಿಲ್ಲ, ತೆಗೆದರೂ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಇದ್ದದ್ದನ್ನು ತೋರಿಸಲು ಚಿತ್ರ ಬಹಳ ಚೆನ್ನ. ಇಲ್ಲದ್ದನ್ನು, ಸಿಗದೆ ಹೋದದ್ದನ್ನು ತೋರಿಸಲು ಅದಕ್ಕೆ ಬಾರದು. ನೋಡುವವರು ಉಳಿದ ಹೊಲವನ್ನೂ ಆ ಒಂದು ಅಂಗೈಯಂತೆಯೇ ತುಂಬಿಕೊಳ್ಳುತ್ತಾರೆ.

ಚಿತ್ರ ಏನನ್ನೂ ಸಾಬೀತು ಮಾಡದಿದ್ದಾಗಲೂ ಇದು ನಡೆಯುತ್ತದೆ. ನ್ಯೂಜಿಲೆಂಡಿನ ಎರಿನ್ ನ್ಯೂಮನ್ ಮತ್ತು ಸಂಗಡಿಗರು 2012ರಲ್ಲಿ ಜನರಿಗೆ ಒಂದೊಂದೇ ಹೇಳಿಕೆ ಕೊಟ್ಟು ನಿಜವೋ ಸುಳ್ಳೋ ಕೇಳಿದರು. ಕೆಲವಕ್ಕೆ ಪಕ್ಕದಲ್ಲಿ ಸಂಬಂಧಪಟ್ಟ ಒಂದು ಫೋಟೋ ಇತ್ತು, ಆದರೆ ಅದರಿಂದ ಹೇಳಿಕೆಗೆ ಯಾವ ಪುರಾವೆಯೂ ಸಿಗುತ್ತಿರಲಿಲ್ಲ. ಆದರೂ ಫೋಟೋ ಇದ್ದ ಹೇಳಿಕೆಗಳನ್ನು ಜನ ನಿಜ ಎನ್ನುವುದು ಹೆಚ್ಚಾಯಿತು. ಚಿತ್ರ ಕಂಡಾಗ ವಿಷಯ ಮನಸ್ಸಿನಲ್ಲಿ ಸಲೀಸಾಗಿ ಮೂಡುತ್ತದೆ, ಆ ಸಲೀಸನ್ನೇ ನಾವು ಸತ್ಯದ ಗುರುತು ಎಂದುಕೊಳ್ಳುತ್ತೇವೆ. ಔಷಧಿ ಡಬ್ಬಿಯ ಮೇಲಿನ ಹಸಿರೆಲೆ, ಸಾಲದ ಆ್ಯಪಿನ ಜಾಹೀರಾತಿನ ನಗುವ ಕುಟುಂಬ, ಬಡಾವಣೆಯ ಬ್ರೋಷರಿನ ಈಜುಕೊಳ ಎಲ್ಲವೂ ಇದೇ ಕೆಲಸಕ್ಕೆ ನಿಂತಿವೆ.

ಕೊಳ್ಳುವವರಿಗೆ, ಮಾರುವವರಿಗೆ

ತುಂಬುನೋಟವನ್ನು ನಿಲ್ಲಿಸಲು ಆಗದು. ಸುಳಿವನ್ನು ಹೆಚ್ಚಿಸಿಕೊಳ್ಳಬಹುದು. ಇನ್ನೊಮ್ಮೆ ಫೋನಿನಲ್ಲಿ ಸೀರೆ ಇಷ್ಟವಾದರೆ, ಹಗಲು ಹೊತ್ತು ಕಿಟಕಿಯ ಪಕ್ಕ ಹಾಸಿ, ಅದರ ಮೇಲೆ ಒಂದು ಬಿಳಿ ಹಾಳೆ ಇಟ್ಟು ಫೋಟೋ ಕಳಿಸಲು ಹೇಳಿ. ಹಾಳೆ ನಿಮ್ಮ ಪರದೆಯಲ್ಲಿ ಬೆಳ್ಳಗೆ ಕಂಡರೆ ಸೀರೆಯ ಬಣ್ಣವನ್ನೂ ಸುಮಾರಾಗಿ ನಂಬಬಹುದು. ಹಾಳೆ ನೀಲಿಯೋ ಹಳದಿಯೋ ಕಂಡರೆ ಸೀರೆಯ ಬಣ್ಣವೂ ಅಷ್ಟೇ ವಾಲಿದೆ. ಡಬಲ್ ಶೇಡ್ ಆಗಿದ್ದರೆ ಫೋಟೋ ಸಾಲದು, ಮಡಿಕೆ ಬಿಚ್ಚಿ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ ಕೇಳಿ. ನಿಮ್ಮ ಫೋನಿನ ನೈಟ್ ಮೋಡ್ ಆರಿಸಿ ನೋಡಿ.

ಕೈಮಗ್ಗದವರಿಗೆ ಒಂದು ಕೋರಿಕೆ. ಫೋಟೋವನ್ನು ಹಾಗೇ ಹಾಕದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುವುದಿಲ್ಲ. ಅಂಚಿನ ಹತ್ತಿರದ ಒಂದು ಚಿತ್ರವನ್ನಾದರೂ ಹಾಗೆ ಕಳಿಸಿ. ನಿಮ್ಮ ನೇಯ್ಗೆಯ ಎಳೆ ಎಳೆ ಗಿರಾಕಿಗೆ ಕಾಣಲಿ, ಪವರ್‌ಲೂಮ್‌ನವರು ಅದನ್ನು ತೋರಿಸಲಾರರು. ಬಿಳಿ ಹಾಳೆಯ ಫೋಟೋ ಕೇಳಿದರೆ ಮುನಿಸಿಕೊಳ್ಳುವ ಮಾರಾಟಗಾರರೂ ಇದ್ದಾರೆ. ಅಂಥವರ ಬಳಿ ನಾನಾದರೆ ಕೊಳ್ಳುವುದಿಲ್ಲ.